ಚಳಿಗೊಂದು ಟೈರು, ಬಿಸಿಲಿಗೊಂದು ಟೈರು



ಕೋಥರೂಡಿನಿಂದ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹುಬ್ಬಳ್ಳಿ ಕಡೆಯವರು. ಅವರ ಮಗ ಚಾಕಣದ ಕಾರ್ಖಾನೆಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ, ಅಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದಾನೆ. “ಚಳಿಗಾಲಕ್ಕ ಬ್ಯಾರೆ ನಾಕು ಟೈರು ತಗೋಬೇಕಂತ. ರೊಕ್ಕ ಭಾಳ ಆಗ್ತದ, ಈ ವರ್ಷ ಹಂಗ ನಡಸ್ತೀನಿ ಅಂತಾನ. ನಡಸಬಹುದೇನ್ರಿ?” ಎಂದು ಕೇಳಿದ್ದಾರೆ. ಪುಣೆಯ ಎಷ್ಟೋ ಮನೆಗಳಿಂದ ಮಕ್ಕಳು ಆ ಕಡೆ ಹೋಗಿರುವುದರಿಂದ ಉತ್ತರವನ್ನು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಡೆಸಬಾರದು.

ಟೈರು ಅಂದರೆ ಬರಿಯ ರಬ್ಬರು, ಅದಕ್ಕೇನು ಚಳಿ, ಅದಕ್ಕೇನು ಬಿಸಿಲು ಎಂದು ನಮಗೆ ಅನಿಸುವುದು ಸಹಜ. ನಮ್ಮ ಊರುಗಳಲ್ಲಿ ಅದು ಚಳಿ ಕಂಡದ್ದೇ ಕಡಿಮೆ. ಆದರೆ ಡಿಸೆಂಬರ್ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ? ರಬ್ಬರಿನದು ಪೂರ್ತಿ ಅದೇ ಕಥೆಯಲ್ಲವಾದರೂ, ಚಳಿ ಹೆಚ್ಚಿದಂತೆ ಅದೂ ಬಿಗಿಯುತ್ತದೆ. ಬೇಸಿಗೆಯ ಟೈರನ್ನು ಕಾದ ರಸ್ತೆಯಲ್ಲಿ ಸವೆಯದಿರಲೆಂದು ಗಟ್ಟಿಯಾಗಿಯೇ ಮಾಡಿರುತ್ತಾರೆ. ಚಳಿಗೆ ಅದು ಇನ್ನೂ ಗಟ್ಟಿಯಾಗಿ ರಸ್ತೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರಿನ ಮಿಶ್ರಣವೇ ಬೇರೆ, ಕೊರೆವ ಚಳಿಯಲ್ಲೂ ಮೆತ್ತಗೆ ಇರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಕೊಯ್ದಂಥ ನೂರಾರು ಸಣ್ಣ ಸೀಳುಗಳಿರುತ್ತವೆ, ಅವುಗಳ ಅಂಚುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಟೈರು ಬದಲಿಸಿ ಎಂಬುದು ಅಲ್ಲಿ ರೂಢಿಯಲ್ಲಿರುವ ಲೆಕ್ಕ. ಅದು ಗೀಟೆಳೆದ ಗಡಿಯಲ್ಲ, ಒಂದು ಅಂದಾಜು ಅಷ್ಟೇ.

“ಎ.ಬಿ.ಎಸ್. ಇದೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಇದೆ” ಎನ್ನುವವರೂ ಉಂಟು. ನಾಲ್ಕು ಚಕ್ರದ ಬಲ ಗಾಡಿ ಹೊರಡುವುದಕ್ಕೆ, ದಿಬ್ಬ ಹತ್ತುವುದಕ್ಕೆ ನೆರವಾಗುತ್ತದೆ, ನಿಲ್ಲಿಸುವುದಕ್ಕಲ್ಲ. ನಾಲ್ಕು ಚಕ್ರದ ಬ್ರೇಕು ಎಲ್ಲ ಕಾರಿಗೂ ಇದೆ. ಎ.ಬಿ.ಎಸ್. ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಂಡು ಸ್ಟಿಯರಿಂಗ್ ಕೈಯಲ್ಲಿರುವಂತೆ ಮಾಡೀತು, ಆದರೆ ಟೈರಿಗೇ ಇಲ್ಲದ ಹಿಡಿತವನ್ನು ಎಲ್ಲಿಂದ ತಂದುಕೊಟ್ಟೀತು? ಗಂಟೆಗೆ 50 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್. ಹಿಡಿತ ಅರ್ಧಕ್ಕಿಳಿದರೆ ಬ್ರೇಕು ಒತ್ತಿದ ಮೇಲೆ ಕಾರು ಓಡುವ ದೂರ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೆ ಆ ದೂರ ನಾಲ್ಕು ಪಟ್ಟು. ಎದುರಿಗೆ ಶಾಲೆಯ ಮಗು ರಸ್ತೆ ದಾಟುತ್ತಿದ್ದರೆ ಈ ಗುಣಾಕಾರ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ.

ಇನ್ನು ಕಾನೂನು. ಜರ್ಮನಿಯಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಕಟ್ಟಳೆ ಇಲ್ಲ. 2010ರ ಡಿಸೆಂಬರಿನಲ್ಲಿ ಬಂದ ನಿಯಮದ ಪ್ರಕಾರ, ರಸ್ತೆ ಹಿಮದಿಂದಲೋ ಮಂಜುಗಡ್ಡೆಯಿಂದಲೋ ಜಾರುವಂತಿದ್ದರೆ ಚಳಿಗಾಲದ ಟೈರಿಲ್ಲದೆ ಗಾಡಿ ಓಡಿಸುವಂತಿಲ್ಲ. ಕನ್ನಡ ಓದಿದವನಾದ ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಆ ಕಾನೂನಿನಲ್ಲಿ ಜಾರುವ ರಸ್ತೆಗೆ ಐದು ಬೇರೆ ಬೇರೆ ಪದಗಳಿವೆ! ಕರಗಿ ಕೆಸರಾದ ಹಿಮಕ್ಕೊಂದು, ಇಬ್ಬನಿ ಹೆಪ್ಪುಗಟ್ಟಿದ್ದಕ್ಕೊಂದು, ಹೀಗೆ. ಸೋನೆ, ತುಂತುರು, ಜಡಿಮಳೆ ಎಂದು ಮಳೆಗೆ ನಾವು ಹೆಸರಿಟ್ಟಂತೆಯೇ. ಇರಲಿ. ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಕಪ್ಪು ಅಂಕ. ಅಂಥ 8 ಅಂಕಗಳಾದರೆ ಲೈಸೆನ್ಸೇ ಹೋಗುತ್ತದೆ. ಅಪಘಾತವಾದರೆ ನಮ್ಮ ಕಾರಿನ ನಷ್ಟಕ್ಕೆ ವಿಮೆಯವರು ಕೊಡುವ ಹಣವನ್ನು ಕಡಿತ ಮಾಡಲೂಬಹುದು. ಪಕ್ಕದ ಆಸ್ಟ್ರಿಯಾಕ್ಕೆ ರಜೆಯಲ್ಲಿ ಹೋಗುವವರು ಗಮನಿಸಿ: ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ, ಗೀರುಗಳ ಆಳ 4 ಮಿಲಿಮೀಟರಾದರೂ ಇರಬೇಕು. ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಆದರೆ ಅಷ್ಟು ಸವೆದದ್ದನ್ನು ಹಾಕಿಕೊಂಡು ಹಿಮದಲ್ಲಿ ಹೊರಡಬೇಡಿ ಎಂದೇ ಬಲ್ಲವರ ಮಾತು.

ಹಳೆಯ ಟೈರು ಅಗ್ಗಕ್ಕೆ ಕೊಳ್ಳುವವರು ಎರಡು ಗುರುತು ನೋಡಬೇಕು. ಒಂದು, ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಂದೆ ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳಿದ್ದರೂ ನಡೆಯುತ್ತಿತ್ತು, 2024ರ ಅಕ್ಟೋಬರ್ 1ರಿಂದ ಬೆಟ್ಟದ ಗುರುತು ಇರಲೇಬೇಕು. ಇನ್ನೊಂದು, ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ. 3622 ಎಂದಿದ್ದರೆ 2022ನೇ ಇಸವಿಯ 36ನೇ ವಾರ ತಯಾರಾದದ್ದು. ಗೀರು ಎಷ್ಟೇ ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಬಿರುಸಾಗಿರುತ್ತದೆ.

ಎಲ್ಲ ಋತುವಿಗೂ ಒಂದೇ ಟೈರು ಎಂದು ಮಾರುವುದೂ ಇದೆ. ಬೆಟ್ಟದ ಗುರುತಿದ್ದರೆ ಕಾನೂನಿಗೆ ಸರಿ. ಊರೊಳಗೇ ಓಡಾಡುವವರಿಗೆ, ವರ್ಷಕ್ಕೆ ಕಡಿಮೆ ಓಡಿಸುವವರಿಗೆ ಅದು ಸಾಕು. ಆದರೆ ಬೆಟ್ಟದೂರಿನ ಕಡು ಚಳಿಯಲ್ಲೂ ಜುಲೈ ಬಿಸಿಲಿನ ಹೆದ್ದಾರಿಯಲ್ಲೂ ಅದು ಎರಡನೆಯ ದರ್ಜೆಯದೇ. ದಿನಾ ದೂರ ಓಡಿಸುವ ಹುಡುಗರಿಗೆ ನಾನು ಹೇಳುವುದು ಎರಡು ಜೊತೆಯನ್ನೇ. ಒಂದು ಜೊತೆ ಓಡುವಾಗ ಇನ್ನೊಂದು ಸವೆಯುವುದಿಲ್ಲ, ಹಾಗಾಗಿ ಖರ್ಚು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಸಾಧ್ಯವಾದರೆ ರಿಮ್ ಸಮೇತ ಕೊಳ್ಳಲಿ. ಬರಿಯ ಟೈರಾದರೆ ಪ್ರತಿ ಸಲವೂ ಯಂತ್ರದಲ್ಲಿ ಬಿಚ್ಚಿ, ಕೂರಿಸಿ, ಬ್ಯಾಲೆನ್ಸಿಂಗ್ ಮಾಡಿಸಬೇಕು. ರಿಮ್ ಇದ್ದರೆ ಸ್ಟೆಪ್ನಿ ಬದಲಿಸಿದಂತೆಯೇ, ನಾಲ್ಕು ಸಲ. ಚಕ್ರದೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವ ಕಾರಾದರೆ ಎರಡನೆಯ ಜೊತೆಗೂ ಸೆನ್ಸರ್ ಬೇಕು.

ಯಾವಾಗ ಬದಲಿಸುವುದು? ‘ಓ ದಿಂದ ಓ ವರೆಗೆ’ ಎಂದು ಜರ್ಮನ್ನರ ಮಾತು: ಒಕ್ಟೋಬರಿನಿಂದ ಓಸ್ಟರ್ನ್, ಅಂದರೆ ಈಸ್ಟರ್ ಹಬ್ಬದವರೆಗೆ. ಮೊದಲ ಹಿಮ ಬಿದ್ದ ದಿನ ಅಂಗಡಿಗೆ ಓಡಿದರೆ ದಸರಾ ರಜೆಯಲ್ಲಿ ರೈಲು ಟಿಕೆಟ್ ಕೇಳಿದಂತೆ.

ಸ್ವತಃ ಬದಲಿಸುವವರು ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಇಡಬೇಕು. ಬೋಲ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜ್ಯಾಕ್ ಏರಿಸುವುದು. ಬಿಚ್ಚಿದ ಚಕ್ರ ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದಿಡಿ. ತಿರುಗುವ ದಿಕ್ಕಿನ ಬಾಣ ಟೈರಿನ ಮೇಲಿದ್ದರೆ ಅದು ಮುಂದಕ್ಕೇ ಇರಬೇಕು. ಕಬ್ಬಿಣದ ರಿಮ್ಮಿಗೂ ಅಲಾಯ್ ರಿಮ್ಮಿಗೂ ಬೋಲ್ಟು ಬೇರೆ ಇರಬಹುದು, ಇದನ್ನು ಕೇಳದೆ ಬಿಗಿಯಬೇಡಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕಾರು ಇಳಿಸಿದ ಮೇಲೆ ಎದುರುಬದುರಾಗಿ, ಕಾರಿನ ಕೈಪಿಡಿ ಹೇಳಿದಷ್ಟೇ ಬಲಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕಾಲಿಟ್ಟು ತುಳಿದು ಬಿಗಿಯುವ ನಮ್ಮ ಹೆದ್ದಾರಿ ಪದ್ಧತಿ ಇಲ್ಲಿ ಬೇಡ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಬೋಲ್ಟು ಸಡಿಲಾಗಿ ಹೆದ್ದಾರಿಯಲ್ಲಿ ಚಕ್ರ ಕಳಚುವುದು ಕಟ್ಟುಕಥೆಯಲ್ಲ. ಗಾಳಿಯನ್ನೂ ನೋಡಿ: ಪ್ರತಿ 10 ಡಿಗ್ರಿ ಚಳಿಗೆ ಸುಮಾರು 0.1 ಬಾರ್ ಇಳಿದಿರುತ್ತದೆ.

ಬಿಚ್ಚಿದ ಜೊತೆಯನ್ನು ತಂಪಾದ, ಒಣಗಿದ, ಬಿಸಿಲು ಬೀಳದ ಕಡೆ ಇಡಬೇಕು. ರಿಮ್ ಇದ್ದರೆ ಒಂದರ ಮೇಲೊಂದು ಪೇರಿಸಬಹುದು, ಇಲ್ಲದಿದ್ದರೆ ನಿಲ್ಲಿಸಿ, ಆಗಾಗ ತುಸು ಉರುಳಿಸಿಡಬೇಕು. ಬಾಡಿಗೆ ಮನೆಯಲ್ಲಿ ಜಾಗವಿಲ್ಲದವರ ಟೈರುಗಳನ್ನು ಅಂಗಡಿಯವರೇ ಹಣ ಪಡೆದು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ‘ಟೈರ್ ಹೋಟೆಲ್’ ಎಂದೇ ಹೆಸರು!