ಯಾರ ಬೆರಳಿನಿಂದ ತೆಗೆದದ್ದು? – ಒಂದು ಪಾಠದ ಅನುಭವ

ಗಬ್ಬೂರಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಜೀನುಗಳ ಕೆಲಸವನ್ನು ನಿಯಂತ್ರಿಸುವ ಪ್ರೋಟೀನುಗಳಿವೆ ಎಂದು ಹೇಳಿ, ಸಂಶೋಧನಾಲಯಗಳಲ್ಲಿ ಬಳಸುವ ಒಂದರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದೆ: ‘ಮರುಸಂಯೋಜಿತ ಮಾನವ ಜಿಂಕ್ ಫಿಂಗರ್ ಪ್ರೋಟೀನ್’. ಒಬ್ಬ ಹುಡುಗಿ ಎದ್ದು, “ಸರ್, ಅದನ್ನ ಯಾರ ಬೆರಳಿಂದ ತಗೀತಾರ್ರಿ?” ಎಂದಳು. ತರಗತಿ ನಕ್ಕಿತು. ತಪ್ಪು ಅವಳದಲ್ಲ, ಹೆಸರು ಬಿಡಿಸದೆ ಬರೆದ ನನ್ನದು. ಮರುದಿನ ಅದನ್ನು ಮೂರು ಭಾಗ ಮಾಡಿ ಕಲಿಸಿದೆ.

ಜಿಂಕ್ ಫಿಂಗರ್: ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಮಕ್ಕಳಿಗೆ ಗೊತ್ತಿತ್ತು. ಅದರಲ್ಲಿರುವ ಸತು ನಮ್ಮ ಜೀವಕೋಶಗಳಿಗೂ ಬೇಕು ಎಂದೆ. 30 ಮಣಿಗಳ ಸರ ಕೊಟ್ಟೆ. ಮಣಿಗಳೆಂದರೆ ಅಮೈನೋ ಆಮ್ಲಗಳು. ಬಣ್ಣದ ನಾಲ್ಕು ಮಣಿಗಳು ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್. ಆ ನಾಲ್ಕನ್ನೂ ಒಂದು ಅಂಗಿ ಗುಂಡಿಗೆ ಕಟ್ಟಿದಾಗ ಸರ ಮಡಚಿ ಬೆರಳಿನಂತಾಯಿತು. ಗುಂಡಿಯೇ ಸತು. ಗುಂಡಿ ಬಿಚ್ಚಿದರೆ ಆಕಾರ ಹೋಯಿತು. ಆಕಾರ ಹೋದರೆ ಡಿಎನ್‌ಎಯನ್ನು ಹಿಡಿಯುವ ಕೆಲಸವೂ ಹೋಯಿತು. ಇಂಥ ರಚನೆಯನ್ನು 1985ರಲ್ಲಿ ಆರನ್ ಕ್ಲುಗ್ ಮತ್ತು ಸಂಗಡಿಗರು ಕಪ್ಪೆಯ ಪ್ರೋಟೀನೊಂದರಲ್ಲಿ ಗುರುತಿಸಿದರು.

ಮಾನವ: ಪ್ರೋಟೀನ್ ಕಟ್ಟುವ ಸೂಚನೆ, ಅಂದರೆ ಜೀನು, ಮನುಷ್ಯನದು ಎಂದಷ್ಟೇ ಅರ್ಥ.

ಮರುಸಂಯೋಜಿತ: ಆ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಜೋಡಿಸಿ ಹೆಚ್ಚಾಗಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಆ ಸೂಚನೆಯನ್ನು ಓದಿ ಪ್ರೋಟೀನ್ ತಯಾರಿಸುತ್ತದೆ. ನಂತರ ಅದನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ.

ಆಗ ಒಬ್ಬ ಹುಡುಗ ಮೆಲ್ಲಗೆ, “ಸರ್, ನಮ್ಮ ಅಜ್ಜಿ ಇನ್ಸುಲಿನ್ ಬಾಟ್ಲಿ ಮ್ಯಾಲೂ ಹ್ಯೂಮನ್ ಅಂತ ಐತ್ರಿ. ಮಂದಿ ಮೈಯಾಗಿಂದ ತೆಗೆದದ್ದು ಅಂತ ಆಕಿ ಒಲ್ಲೆ ಅಂತಾಳ್ರಿ” ಎಂದ. ನನ್ನ ಪಾಠಯೋಜನೆಯಲ್ಲಿ ಇಲ್ಲದ ಮಾತು ಅದು. ಅದೂ ಇದೇ ವಿಧಾನದಿಂದ ತಯಾರಾಗುತ್ತದೆ, 1982ರಲ್ಲಿಯೇ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು ಎಂದು ವಿವರಿಸಿದೆ. ಜಿಂಕ್ ಫಿಂಗರ್ ಪ್ರೋಟೀನ್ ಸಂಶೋಧನೆಗೆ, ಇನ್ಸುಲಿನ್ ಚಿಕಿತ್ಸೆಗೆ. ಉಪಯೋಗ ಬೇರೆ, ತಯಾರಿಸುವ ತತ್ವ ಒಂದೇ.

ಮೌಲ್ಯಮಾಪನಕ್ಕೆ ಮೊದಲ ದಿನದ ಪ್ರಶ್ನೆಯನ್ನೇ ಕೇಳಿದೆ. ಅದೇ ಹುಡುಗಿ ಉತ್ತರಿಸಿದಳು: “ಮಾಡೋದು ಬ್ಯಾಕ್ಟೀರಿಯಾ ಸರ್, ಬರಹ ಅಷ್ಟ ಮನುಷ್ಯಾರ್ದು.” ಹುಡುಗ ಆ ವಾಕ್ಯವನ್ನು ಅಜ್ಜಿಗೆ ಹೇಳಲೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಪಾರಿಭಾಷಿಕ ಪದವನ್ನು ಹಲಗೆಗೆ ಏರಿಸುವ ಮೊದಲು, ಮಕ್ಕಳು ಅದನ್ನು ಹೇಗೆ ಕೇಳಿಸಿಕೊಂಡಾರು ಎಂದು ಪಾಠಯೋಜನೆಯಲ್ಲೇ ಒಂದು ಸಾಲು ಬರೆದುಕೊಳ್ಳುವುದನ್ನು ಅಂದಿನಿಂದ ರೂಢಿಸಿಕೊಂಡಿದ್ದೇನೆ.