ಗಾಜಿನ ಮೀನುತೊಟ್ಟಿಗೆ ಭದ್ರವಾದ ಮರದ ಪೀಠ

ಮನೆಯ ಪಡಸಾಲೆಯಲ್ಲಿಯೂ ಗ್ರಾಮದ ಶಾಲೆಯಲ್ಲಿಯೂ ದೊಡ್ಡ ಗಾಜಿನ ತೊಟ್ಟಿಯನ್ನಿಟ್ಟು ಮೀನುಗಳನ್ನು ಸಾಕುವ ಅಭಿರುಚಿಯು ಹಳ್ಳಿಗಳಿಗೂ ಬಂದಿರುತ್ತದೆ. ತೊಟ್ಟಿಯನ್ನು ಕೊಳ್ಳುವಾಗ ತೋರುವ ಎಚ್ಚರಿಕೆಯು ಅದನ್ನು ಹೊರುವ ಪೀಠದ ವಿಷಯದಲ್ಲಿ ಕಾಣಬರುವುದಿಲ್ಲ. ಪಾತ್ರೆಯಿಡುವ ಮೇಜಿನ ಮೇಲೆ ಅಂತಹ ತೊಟ್ಟಿಯನ್ನಿಟ್ಟರೆ ಗಾಜು ಒಡೆದು ಮೀನು ಸಾಯುವುದಲ್ಲದೆ, ಬಳಿಯಲ್ಲಿ ಆಡುವ ಮಕ್ಕಳ ಪ್ರಾಣಕ್ಕೂ ಅಪಾಯ ಒದಗಬಹುದು. ಆದುದರಿಂದ ಪೀಠದ ರಚನಾಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಭಾರದ ಲೆಕ್ಕ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯು 9 ಘನ ಅಡಿ ನೀರನ್ನು ಹಿಡಿಯುತ್ತದೆ. ಒಂದು ಘನ ಅಡಿ ನೀರಿನ ತೂಕವು ಸುಮಾರು 28 ಕಿಲೋಗ್ರಾಂ ಆದುದರಿಂದ ನೀರೊಂದೇ 250 ಕಿಲೋಗ್ರಾಮಿಗೆ ಮೀರುವುದು. ಗಾಜನ್ನೂ ತಳದ ಜಲ್ಲಿಯನ್ನೂ ಕೂಡಿಸಿದರೆ ಭಾರವು 300 ಕಿಲೋಗ್ರಾಮನ್ನು ದಾಟುವುದು. ಎಂದರೆ 50 ಕಿಲೋಗ್ರಾಮಿನ ಆರು ಅಕ್ಕಿಮೂಟೆಗಳಿಗೂ ಹೆಚ್ಚು. ಮೂಟೆಗಳಾದರೆ ಕೆಲವು ದಿನವಿದ್ದು ಖಾಲಿಯಾಗುವುವು; ಈ ಭಾರವಾದರೋ ಹಗಲಿರುಳೂ ವರ್ಷಗಟ್ಟಲೆ ನಿಲ್ಲತಕ್ಕದ್ದು.

ಮರದ ಆಯ್ಕೆ

ಚೆನ್ನಾಗಿ ಒಣಗಿದ ತೇಗ, ಹೊನ್ನೆ ಅಥವಾ ಮತ್ತಿಯ ಚೇಗು ಉತ್ತಮವಾದುದು. ಹಸಿಮರವು ಒಣಗುತ್ತ ಕುಗ್ಗಿ ತಿರುಚಿಕೊಳ್ಳುವುದರಿಂದ ಅದನ್ನು ಬಳಸಕೂಡದು. ನೀಲಗಿರಿಯು ಒಣಗುವಾಗ ಸೀಳುವುದು. ಮಾವಿನ ಮರಕ್ಕೆ ಹುಳು ಬೇಗ ಹತ್ತುವುದು. ಸ್ವಂತ ಜಮೀನಿನ ಮರವನ್ನು ಕಡಿಯುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಕಟ್ಟುವ ಕ್ರಮ

ಇದರಲ್ಲಿ ಮುಖ್ಯವಾದ ತತ್ತ್ವವೊಂದೇ: ಭಾರವು ಮರದಿಂದ ಮರಕ್ಕೆ ನೇರವಾಗಿ ಇಳಿದು ನೆಲವನ್ನು ಸೇರಬೇಕು, ಮೊಳೆಯ ಮೇಲಾಗಲಿ ತಿರುಪಿನ ಮೇಲಾಗಲಿ ನೇತಾಡಕೂಡದು. ಕಾಲುಗಳು 3 ಅಂಗುಲ ಚೌಕದವೂ ಎರಡೂವರೆ ಅಡಿಗೆ ಮೀರದ ಎತ್ತರದವೂ ಆಗಿರಲಿ. ಪ್ರತಿ ಕಾಲಿನ ತಲೆಯಲ್ಲಿ, ಹೊರಮಗ್ಗುಲಿಗೆ, 2 ಅಂಗುಲ ಅಗಲ ಹಾಗೂ 4 ಅಂಗುಲ ಆಳದ ಮೆಟ್ಟಿಲನ್ನು ಕಡಿದು, ಅದರ ಮೇಲೆ 2 ಅಂಗುಲ ದಪ್ಪ, 4 ಅಂಗುಲ ಎತ್ತರದ ಉದ್ದತೊಲೆಯನ್ನು ಕೂರಿಸಿ, ಹಿಂದೆ ಉಳಿದ ಒಂದು ಅಂಗುಲದ ಮರಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಇಲ್ಲಿ ಬೋಲ್ಟು ತೊಲೆಯನ್ನು ಜಾರದಂತೆ ಹಿಡಿಯುವುದೇ ಹೊರತು ಭಾರವನ್ನು ಹೊರುವುದಿಲ್ಲ.

ತೊಲೆಯನ್ನು ಮಲಗಿಸದೆ ಎತ್ತರ ಮಾಡಿ ನಿಲ್ಲಿಸುವುದು ಆವಶ್ಯಕ. ಅದೇ ತೊಲೆಯು ನಿಂತಾಗ ಮಲಗಿದಾಗಿನ ನಾಲ್ಕನೆಯ ಒಂದು ಪಾಲು ಮಾತ್ರ ಬಾಗುವುದು. ಉದ್ದತೊಲೆಗಳೆರಡರ ನಡುವೆ ಮೂರು ಅಡ್ಡತೊಲೆಗಳನ್ನು ಸೇರಿಸಿ, ಎಲ್ಲವುಗಳ ಮೇಲ್ಮೈಯನ್ನು ಒಂದೇ ಸಮಕ್ಕೆ ಕೀಸಬೇಕು. ಮೇಲೆ ಮುಕ್ಕಾಲು ಅಂಗುಲ ದಪ್ಪದ, ನೀರು ತಾಳುವ ಪ್ಲೈವುಡ್ ಹಲಗೆಯನ್ನು ಹಾಸಬೇಕು.

ನಾಲ್ಕು ಕಾಲುಗಳ ಚೌಕಟ್ಟು ಭಾರವನ್ನು ಹೊತ್ತರೂ ಪಕ್ಕಕ್ಕೆ ವಾಲುವ ಸ್ವಭಾವವುಳ್ಳದ್ದು. ಹೊಲದ ಕಾವಲಿನ ಅಟ್ಟಣೆಗೆ ಓರೆಗಳೆ ಕಟ್ಟುವ ಕಾರಣವೂ ಇದೇ. ಚೌಕವು ಓರೆಯಾಗಬಹುದು, ತ್ರಿಕೋಣವು ಆಗದು. ಆದಕಾರಣ ಹಿಂಬದಿಗೂ ಎರಡು ಪಕ್ಕಗಳಿಗೂ ಓರೆಪಟ್ಟಿಗಳನ್ನು ಬಿಗಿಯತಕ್ಕದ್ದು. ಬಿಗಿಯುವ ಮುನ್ನ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆದರೆ ಎರಡಳತೆಗಳೂ ಸಮನಾಗಿರಬೇಕು. ಕಾಲುಗಳ ಬುಡವೂ ಸೇರಿದಂತೆ ಮರಕ್ಕೆಲ್ಲ ವಾರ್ನಿಷನ್ನು ಎರಡು ಸಲ ಬಳಿಯುವುದು ಒಳ್ಳೆಯದು.

ನೆಲೆಗೊಳಿಸುವಿಕೆ

ಮಣ್ಣಿನ ನೆಲದಲ್ಲಿ ಕಾಲುಗಳು ಹುದುಗುವುವು, ಗೆದ್ದಲೂ ಹತ್ತುವುದು. ಆದ್ದರಿಂದ ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಬೇಕು. ಮರದ ಅಟ್ಟದ ಮೇಲೆ ಇಡಲೇಕೂಡದು. ಬಿಸಿಲು ನೇರವಾಗಿ ಬೀಳುವೆಡೆಯಲ್ಲಿ ಪಾಚಿ ಬೆಳೆಯುವುದು. ಉದ್ದಕ್ಕೂ ಅಗಲಕ್ಕೂ ರಸಮಟ್ಟವನ್ನಿಟ್ಟು ನೋಡಬೇಕು. ಗಾಜು ಸಮನಾದ ಭಾರವನ್ನು ತಾಳುವುದೇ ಹೊರತು ತಿರುಚನ್ನು ತಾಳದು. ಒಂದು ಮೂಲೆ ಕುಸಿದರೂ ತಳ ಬಿರಿಯಬಹುದು. ಕಟ್ಟಿಲ್ಲದ ಬರಿಗಾಜಿನ ತೊಟ್ಟಿಯಾದರೆ ಅಡಿಯಲ್ಲಿ ಥರ್ಮೋಕೋಲ್ ಹಾಳೆಯನ್ನು ಹಾಸಬೇಕು. ಅದು ಹಲಗೆಯ ಸಣ್ಣ ಉಬ್ಬುತಗ್ಗುಗಳನ್ನು ನುಂಗುವುದು.

ಪರೀಕ್ಷೆ

ತೊಟ್ಟಿಯನ್ನು ತರುವ ಮೊದಲೇ ಪೀಠವನ್ನು ಪರೀಕ್ಷಿಸುವುದು ಸುಲಭ. 50 ಕಿಲೋಗ್ರಾಮಿನ ಏಳು ಮೂಟೆಗಳನ್ನು ಅದರ ಮೇಲೆ ಸಮನಾಗಿ ಹರಡಿ ಒಂದು ದಿನ ಬಿಡಬೇಕು. ಮರುದಿನ ರಸಮಟ್ಟವು ಕದಲದೆ, ತೊಲೆಯು ಬಾಗದೆ, ಪಕ್ಕದಿಂದ ಕೈಯಲ್ಲಿ ತಳ್ಳಿದಾಗ ಪೀಠವು ಅಲುಗದೆ ಇದ್ದರೆ ಅದು ಯೋಗ್ಯವೆಂದು ತಿಳಿಯಬಹುದು. ಅನಂತರವೂ ನೀರನ್ನು ಮೂರು ಕಂತುಗಳಲ್ಲಿ ತುಂಬಿ, ಪ್ರತಿ ಸಲವೂ ಮಟ್ಟವನ್ನು ನೋಡತಕ್ಕದ್ದು. ಲೋಪವಿದ್ದರೆ ಅದು ಮೂಟೆಗಳಿರುವಾಗಲೇ ತಿಳಿಯುವುದು ಲೇಸು. ನೀರು ತುಂಬಿದ ಮೇಲೆ ತಿದ್ದಲು ಅವಕಾಶವಿರುವುದಿಲ್ಲ.