ಚಾಳಿನ ಹಲಗೆಯ ಮೇಲೆ ಓಡುವ ಮತ್ಸ್ಯಗಂಧ

ಜಾಗವಿಲ್ಲ, ತಯಾರಕರಿಲ್ಲ, ಆದರೂ ಆರಿಲ್ಲ ಮಾದರಿ ರೈಲಿನ ಸಿಗ್ನಲ್ ದೀಪ

ಭಾಂಡುಪ್: ಭಾಂಡುಪ್ ಪಶ್ಚಿಮದ ಹಳೆಯ ಚಾಳೊಂದರ ಕೋಣೆಯಿಂದ ಪ್ರತಿ ಭಾನುವಾರ ಸಂಜೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುತ್ತದೆ. ಇದಕ್ಕೆ ಟಿಕೆಟ್ ಬೇಡ, ವೇಟಿಂಗ್ ಲಿಸ್ಟ್ ಇಲ್ಲ, ಗಣೇಶ ಚೌತಿಗೆ ಊರಿಗೆ ಹೋಗಲು ತತ್ಕಾಲ್‌ಗಾಗಿ ಪರದಾಡುವ ಕಷ್ಟವೂ ಇಲ್ಲ. ಗೋಡೆಗೆ ಕೀಲು ಹಾಕಿ ನಿಲ್ಲಿಸಿರುವ ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆಯನ್ನು ಕೆಳಗಿಳಿಸಿದರೆ ಸಾಕು. ಆದರೆ ಹಲಗೆ ಇಳಿಯಬೇಕಾದರೆ ಮನೆಯ ಮಂಚವನ್ನು ಮೊದಲು ಮಡಚಬೇಕು, ಮನೆಯಾಕೆಯ ಅನುಮತಿಯನ್ನೂ ಪಡೆಯಬೇಕು. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳ ಮಕ್ಕಳು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಸಾಲಾಗಿ ಕುಳಿತಿರುತ್ತಾರೆ.

ಕುರ್ಲಾ ಟರ್ಮಿನಸ್‌ನಿಂದ ಹೊರಡುವ ನಿಜವಾದ ಮತ್ಸ್ಯಗಂಧ ಭಾಂಡುಪ್ ಸ್ಟೇಷನ್ನಿನಲ್ಲಿ ನಿಲ್ಲದೆ ಠಾಣೆಯತ್ತ ಧಾವಿಸುತ್ತದೆ. ಈ ಪುಟ್ಟ ಮತ್ಸ್ಯಗಂಧ ಮಾತ್ರ ಭಾಂಡುಪಿನಲ್ಲೂ ನಿಲ್ಲುತ್ತದೆ. "ನಮ್ಮ ರೈಲಿಗೆ ನಾವೇ ರೈಲ್ವೆ ಮಂತ್ರಿ ಅಲ್ವಾ?" ಎಂದು ನಗುತ್ತಾರೆ ಇದರ ನಿರ್ಮಾತೃ.

ಉಡುಪಿ ಕಡೆಯ ಈ ಹಿರಿಯರು ಕೊಂಕಣ ರೈಲು ಇನ್ನೂ ಯಾರ ಕನಸಿನಲ್ಲೂ ಗಟ್ಟಿಯಾಗಿರದ ಕಾಲದಲ್ಲಿ ಬಸ್ಸು ಹತ್ತಿ ಮುಂಬಯಿಗೆ ಬಂದವರು. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಮುಂದೆ ಎಲ್‌ಬಿಎಸ್ ರಸ್ತೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಲೇತ್ ಹಿಡಿದು ನಿವೃತ್ತರಾದವರು. ಪತ್ರಿಕೆಯಲ್ಲಿ ಹೆಸರು ಬೇಡ ಎಂಬುದು ಅವರ ಒಂದೇ ಷರತ್ತು. "ಈ ಪ್ರಾಯದಲ್ಲಿ ಆಟದ ರೈಲು ಓಡಿಸ್ತಾನೆ ಅಂತ ಊರಿನವರು ನಗಾಡಿಯಾರು ಮಾರಾಯ್ರೆ. ಆದರೆ ಒಂದು ಬರೀರಿ, ಇದು ಆಟ ಅಲ್ಲ, ಅಳತೆ" ಎಂದರು.

ರೈಲಿನ ಯೋಚನೆ ಹುಟ್ಟಿದ್ದೇ ಇಲ್ಲಿ

ಭಾಂಡುಪಿಗೂ ರೈಲಿಗೂ ಇರುವ ನಂಟು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮುಂಬಯಿಯನ್ನು ಠಾಣೆ, ಕಲ್ಯಾಣ್ ಹಾಗೂ ಥಳ್ ಮತ್ತು ಭೋರ್ ಘಾಟಿಗಳ ಜತೆ ಹಳಿಯಿಂದ ಜೋಡಿಸಬೇಕೆಂಬ ಯೋಚನೆ ಮುಂಬಯಿ ಸರಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ ಅವರಿಗೆ ಮೊದಲು ಹೊಳೆದದ್ದು 1843ರಲ್ಲಿ, ಅವರು ಭಾಂಡುಪಿಗೆ ಬಂದಿದ್ದಾಗ ಎಂದು ರೈಲ್ವೆಯ ಇತಿಹಾಸ ಹೇಳುತ್ತದೆ. ಹತ್ತು ವರ್ಷಗಳ ಬಳಿಕ, 1853ರ ಎಪ್ರಿಲ್ 16ರಂದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು 14 ಗಾಡಿಗಳಲ್ಲಿ 400 ಮಂದಿ ಅತಿಥಿಗಳನ್ನು ಕೂರಿಸಿಕೊಂಡು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದವು. ದೇಶದ ಮೊದಲ ವಿದ್ಯುತ್ ರೈಲು ಕೂಡ ಈ ಮಹಾನಗರದ್ದೇ: 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ.

ಹೀಗೆ ರೈಲನ್ನೇ ನಾಡಿಮಿಡಿತ ಮಾಡಿಕೊಂಡಿರುವ ಊರಿನಲ್ಲಿ ಅದರ ಪುಟ್ಟ ಪ್ರತಿರೂಪ ಕಟ್ಟುವ ಹವ್ಯಾಸ ಮಾತ್ರ ಎಲೆಮರೆಯ ಕಾಯಿಯಾಗಿಯೇ ಉಳಿದಿದೆ. ಮುಂಬಯಿಗರು ಇದನ್ನು ಕಣ್ತುಂಬ ನೋಡಬೇಕಿದ್ದರೆ ಪುಣೆಗೆ ಹೋಗಬೇಕು. ಅಲ್ಲಿನ ಕೋಥ್ರೂಡ್‌ನಲ್ಲಿ ಬಿ. ಎಸ್. ಜೋಶಿಯವರ ಹವ್ಯಾಸದಿಂದ ಬೆಳೆದ ಪುಟಾಣಿ ರೈಲ್ವೆ ಮ್ಯೂಸಿಯಂ 1998ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ನಮ್ಮ ತವರು ರಾಜ್ಯದಲ್ಲಿ 1979ರಿಂದ ಮೈಸೂರಿನಲ್ಲಿ, 2020ರಿಂದ ಹುಬ್ಬಳ್ಳಿಯಲ್ಲಿ ರೈಲು ಮ್ಯೂಸಿಯಂಗಳಿವೆ. ಅಲ್ಲಿ ಮುಖ್ಯ ಆಕರ್ಷಣೆ ದೊಡ್ಡ ಎಂಜಿನ್ನು, ಹಳೆಯ ಬೋಗಿಗಳು.

ಎಂಬತ್ತೇಳರಲ್ಲಿ ಒಂದು

ಮಾದರಿ ರೈಲುಗಳಲ್ಲಿ ಹಲವು ಅಳತೆಗಳಿವೆ. ಜಗತ್ತಿನಲ್ಲಿ ಹೆಚ್ಚು ಜನಪ್ರಿಯವಾದದ್ದು ಎಚ್‌ಓ. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಇದಕ್ಕಿಂತ ಸಣ್ಣದು ಎನ್, ಅದು 160ರಲ್ಲಿ ಒಂದು. ಅಂಗೈಯಲ್ಲಿ ಅಡಗುವ ಝೆಡ್ ಅಳತೆ 220ರಲ್ಲಿ ಒಂದು. ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.

ಈ ಲೆಕ್ಕವನ್ನು ನಮ್ಮ ಕೊಂಕಣ ರೈಲಿಗೆ ಹಾಕಿ ನೋಡಿದರೆ ಹವ್ಯಾಸಿಯ ಕಷ್ಟ ಅರ್ಥವಾಗುತ್ತದೆ. ಹಳೆಯ ನಮೂನೆಯ ನೀಲಿ ಬೋಗಿ ಸುಮಾರು 22 ಮೀಟರ್ ಉದ್ದ. ಮಾದರಿಯಲ್ಲಿ ಅದು 25 ಸೆಂಟಿಮೀಟರ್ ಆಗುತ್ತದೆ. 24 ಬೋಗಿಗಳ ಪೂರ್ತಿ ಗಾಡಿ ಕಟ್ಟಿದರೆ 20 ಅಡಿ! ಚಾಳಿನ ಯಾವ ಕೋಣೆ ಅಷ್ಟು ಉದ್ದವಿದೆ? ರತ್ನಾಗಿರಿ ಬಳಿಯ ಪಾನವಲ್ ಸೇತುವೆಯ ಎತ್ತರ 64 ಮೀಟರ್. ಅದು ಮಾದರಿಯಲ್ಲಿ ಊಟದ ಮೇಜಿನಷ್ಟು ಎತ್ತರಕ್ಕೆ ಬರುತ್ತದೆ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಅದಕ್ಕೆ 23 ಮೀಟರ್ ಬೇಕು. "ಅದನ್ನು ಮಾಡಬೇಕಾದರೆ ನಮ್ಮ ಚಾಳಿನ ಗೋಡೆಗಳನ್ನೆಲ್ಲ ಒಡೀಬೇಕು" ಎನ್ನುತ್ತಾರೆ ಹಿರಿಯರು. ಅವರ ಶರಾವತಿ ಒಂದೂವರೆ ಅಡಿಯಲ್ಲೇ ಸಮುದ್ರ ಸೇರುತ್ತಾಳೆ. ಅವರ ಮತ್ಸ್ಯಗಂಧಕ್ಕೆ ನಾಲ್ಕೇ ಬೋಗಿ.

ಇನ್ನೂ ಒಂದು ತೊಡಕು ನಮ್ಮ ಬ್ರಾಡ್‌ಗೇಜ್‌ನದ್ದು. ಭಾರತದ ಹಳಿಗಳ ಅಂತರ 1,676 ಮಿಲಿಮೀಟರ್. ಯುರೋಪು ಮತ್ತು ಅಮೆರಿಕದಲ್ಲಿ ಬಹುಮಟ್ಟಿಗೆ 1,435. ಪೇಟೆಯಲ್ಲಿ ಸಿಗುವ ಎಚ್‌ಓ ಹಳಿ ಅವರ ಲೆಕ್ಕದ್ದು. ನಮ್ಮ ರೈಲನ್ನು ಅದೇ ಅಳತೆಯಲ್ಲಿ ಸರಿಯಾಗಿ ಮಾಡಬೇಕಿದ್ದರೆ ಹಳಿಗಳ ನಡುವೆ 19 ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಕು. ಅಂಥ ಹಳಿ, ಅಂಥ ಚಕ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಮೇಲೆ ಭಾರತೀಯ ಬೋಗಿ, ಕೆಳಗೆ ಪರದೇಶದ ಚಕ್ರ ಎಂಬ ರಾಜಿಗೆ ಹವ್ಯಾಸಿಗಳು ಒಗ್ಗಿಕೊಂಡಿದ್ದಾರೆ.

ಹಲಗೆಯ ಎಂಜಿನ್ ಒಂದು ಕಾಲದಲ್ಲಿ ನಾವೆಲ್ಲ ಕಂಡ ಡಬ್ಲ್ಯುಡಿಎಂ-2 ಡೀಸೆಲ್. ಅದರ ಮೂಲ ವಿನ್ಯಾಸ ಅಮೆರಿಕದ ಆಲ್ಕೋ ಕಂಪೆನಿಯದ್ದು. ಆದುದರಿಂದ ಅಮೆರಿಕದ ಹಳೆಯ ಮಾದರಿಯೊಂದರ ತಳಭಾಗವನ್ನು ತರಿಸಿ, ಮೇಲಿನ ಕವಚವನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಿದ್ದಾರೆ. ಬೋಗಿಗಳು ಮದುವೆ ಆಮಂತ್ರಣದ ದಪ್ಪ ಕಾಗದದವು. ಸ್ವಿಚ್ಚು, ವಯರು, ಟ್ರಾನ್ಸ್‌ಫಾರ್ಮರ್ ಎಲ್ಲ ಲ್ಯಾಮಿಂಗ್ಟನ್ ರಸ್ತೆಯದ್ದು. 12 ವೋಲ್ಟಿನ ಡಿಸಿ ವಿದ್ಯುತ್ತು ಹಳಿಗಳಲ್ಲಿ ಹರಿದು, ಚಕ್ರಗಳ ಮೂಲಕ ಎಂಜಿನ್ನಿನ ಪುಟ್ಟ ಮೋಟರಿಗೆ ತಲುಪುತ್ತದೆ. ವೋಲ್ಟೇಜು ಏರಿಸಿದರೆ ವೇಗ. ಪ್ಲಸ್-ಮೈನಸ್ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ. ಒಂದೊಂದು ಎಂಜಿನ್ನಿಗೂ ಚಿಪ್ ಹಾಕಿ ಬೇರೆ ಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ ಹೊರದೇಶಗಳಲ್ಲಿ ಈಗ ಸಾಮಾನ್ಯ. ಆದರೆ ಮುಂಬಯಿಯ ಮಳೆಗಾಲಕ್ಕೆ ಹಳೆಯದು, ಹೊಸದು ಎಂಬ ಭೇದವಿಲ್ಲ. ತೇವ, ಧೂಳು ಕೂತು ಹಳಿ ಕಪ್ಪಾದರೆ ಎಂಜಿನ್ ಮುಗ್ಗರಿಸುತ್ತದೆ. ರೈಲು ಹೊರಡುವ ಮೊದಲು ಹಳಿಗೆ ಸ್ಪಿರಿಟ್ ಒರೆಸುವುದು ಮಕ್ಕಳ ಪಾಲಿನ ಸೇವೆ.

ಎರಡು ಅಡಿ ಅಗಲದ ಹಲಗೆಯಲ್ಲಿ ರೈಲು ಸುತ್ತು ಹಾಕಲಾರದು. ಆ ತುದಿ ಮುಟ್ಟಿದಾಗ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಹಿಂದೆ ಬಂದು, ಇನ್ನೊಂದು ತುದಿಗೆ ಕೊಂಡಿ ಹಾಕಿಕೊಳ್ಳಬೇಕು. "ಊರಿಗೆ ಹೋಗುದು, ತಿರುಗಿ ಬರುದು. ನಮ್ಮ ಜೀವನ ಇದ್ದದ್ದೂ ಹಾಗೇ ಅಲ್ವಾ?" ಎಂದರು ಅವರು.

ಘಟಾನುಘಟಿಗಳೂ ಹಳಿ ತಪ್ಪಿದ್ದರು

ಮಾದರಿ ರೈಲಿನ ಉದ್ಯಮಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಜರ್ಮನಿಯ ಗೋಪಿಂಗನ್‌ನಲ್ಲಿ 1859ರಲ್ಲಿ ಆರಂಭವಾದ ಮೆರ್ಕ್ಲಿನ್, 1891ರ ಲೈಪ್‌ಜಿಗ್ ಮೇಳದಲ್ಲಿ ಹಳಿ ಜೋಡಿಸಿ ಆಡುವ ರೈಲನ್ನು ತಂದಿತು. ಬ್ರಿಟನ್ನಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಮೆಕ್ಯಾನೋ ಪೆಟ್ಟಿಗೆಗೆ ಪೇಟೆಂಟ್ ಪಡೆದು, 1920ರಲ್ಲಿ ರೈಲುಗಳಿಗೆ ಕೈಹಾಕಿದರು. ಮೆಕ್ಯಾನೋವನ್ನು ಹೋಲುವ ಮೆಕ್ಯಾನಿಕ್ಸ್ ಪೆಟ್ಟಿಗೆ ನಮ್ಮ ಅನೇಕ ಮನೆಗಳ ಮಕ್ಕಳಿಗೆ ಪರಿಚಿತವೇ.

ಆದರೆ ದೊಡ್ಡ ಹೆಸರೆಂದು ವ್ಯಾಪಾರ ಕೈಬಿಡದೆ ಇರುವುದಿಲ್ಲ. ಲಿವರ್‌ಪೂಲಿನ ಮೆಕ್ಯಾನೋ ಕಾರ್ಖಾನೆ 1979ರಲ್ಲಿ ಮುಚ್ಚಿತು. ಇಟಲಿಯ ಲೀಮಾ ನೆಲಕಚ್ಚಿ, ಅದರ ಹೆಸರು 2004ರಲ್ಲಿ ಹಾರ್ನ್‌ಬಿ ಕಂಪೆನಿಯ ಪಾಲಾಯಿತು. ಮೆರ್ಕ್ಲಿನ್ ತನ್ನ 150ನೇ ವರ್ಷದಲ್ಲೇ, ಅಂದರೆ 2009ರಲ್ಲಿ, ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಸಿಂಬಾ ಡಿಕಿ ಎಂಬ ಆಟಿಕೆ ಸಮೂಹ ಅದನ್ನು ಕೊಂಡು ಉಳಿಸಿಕೊಂಡಿತು. 1946ರಿಂದ ನಡೆದಿದ್ದ ಬ್ರಿಟನ್ನಿನ ಪ್ರಸಿದ್ಧ ಮಾರಾಟ ಸಂಸ್ಥೆ ಹ್ಯಾಟನ್ಸ್ 2024ರಲ್ಲಿ ಬಾಗಿಲು ಹಾಕುವುದಾಗಿ ಘೋಷಿಸಿತು. ಉತ್ಪಾದನೆ ಬಹಳಷ್ಟು ಚೀನಾಕ್ಕೆ ಹೋಗಿ ದಶಕಗಳೇ ಸಂದಿವೆ. ಅಲ್ಲಿ ಕೂಲಿ ಏರಿದಂತೆ ರೈಲಿನ ಬೆಲೆಯೂ ಏರಿದೆ. ಗಿರಾಕಿಗಳಿಗೆ ವಯಸ್ಸಾಗಿದೆ, ಮಕ್ಕಳ ಕೈಗೆ ಮೊಬೈಲ್ ಬಂದಿದೆ.

ನಮ್ಮಲ್ಲಿ ಏಕೆ ತಯಾರಾಗದು?

ಲೇತ್ ಹಿಡಿದು ಬದುಕಿದ ಹಿರಿಯರ ಬಳಿ ಇದಕ್ಕೆ ಸ್ಪಷ್ಟ ಉತ್ತರವಿದೆ: "ಡೈ". ಪ್ಲಾಸ್ಟಿಕ್ ಕವಚ ಎರಕ ಹೊಯ್ಯಲು ಉಕ್ಕಿನ ಅಚ್ಚು ಬೇಕು. ಕಿಟಕಿಯ ಸರಳು, ಮೆಟ್ಟಿಲ ಅಂಚು ಎಲ್ಲ ಕೂದಲೆಳೆಯಷ್ಟು ನಿಖರವಾಗಿ ಮೂಡಬೇಕಿದ್ದರೆ ಆ ಅಚ್ಚಿಗೆ ಲಕ್ಷಗಟ್ಟಲೆ ಖರ್ಚು. ಸಾವಿರಾರು ಎಂಜಿನ್ ಮಾರಾಟವಾದರೆ ಮಾತ್ರ ಹಾಕಿದ ದುಡ್ಡು ತಿರುಗಿ ಬರುತ್ತದೆ. ಭಾರತೀಯ ರೈಲಿನ ಮಾದರಿ ಕೊಳ್ಳುವವರು ಬಿಡಿಬಿಡಿಯಾಗಿ ಚದುರಿಹೋಗಿದ್ದಾರೆ. ಹೀಗಾಗಿ ಇಲ್ಲಿನ ತಯಾರಿ ಹೆಚ್ಚಾಗಿ ಮನೆಯ ಮೂಲೆಯಲ್ಲಿ, ಕೈಯಲ್ಲಿ, ಆರ್ಡರಿಗೆ ತಕ್ಕಂತೆ ಒಂದೊಂದಾಗಿ ನಡೆಯುವಂಥದ್ದು. ಅಂಗಡಿಗಳಲ್ಲಿ ಸೆಂಟಿಯಂಥ ದೇಶೀ ಕಂಪೆನಿಯ ಭಾರತೀಯ ಪ್ಯಾಸೆಂಜರ್ ರೈಲು ಸಿಗುತ್ತದೆ. ಮಕ್ಕಳಿಗೆ ಅದು ಅಚ್ಚುಮೆಚ್ಚು, ಆದರೆ ಅದು ಆಟಿಕೆ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ರೈಲಂತೂ ತೊಟ್ಟಿಲ ಕೂಸಿನ ಕೈಗೂ ಕೊಡಬಹುದಾದದ್ದು. ಅಲ್ಲಿ ಇರುವುದು ಅಂದ, ಅಳತೆಯಲ್ಲ.

ಹೊರಗಿನಿಂದ ತರಿಸೋಣವೆಂದರೆ ಸುಂಕದ ಬಿಸಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಅಗ್ಗದ, ಅಪಾಯಕಾರಿ ಆಟಿಕೆಗಳನ್ನು ತಡೆದು ದೇಶೀ ತಯಾರಕರಿಗೆ ಬಲ ಕೊಡುವ ಉದ್ದೇಶ ಒಳ್ಳೆಯದೇ. ಆದರೆ ಸುಂಕದ ಪಟ್ಟಿಯಲ್ಲಿ ಮಾದರಿ ರೈಲೂ ಆಟಿಕೆಗಳ ಜತೆಯಲ್ಲೇ ಕುಳಿತಿದೆ. ಒಂದು ಜತೆ ಚಕ್ರಕ್ಕಾಗಿ ಕಾಯುವ ಹವ್ಯಾಸಿಗೆ ಇಲ್ಲಿ ತಯಾರಕನೂ ಇಲ್ಲ, ಅಲ್ಲಿಂದ ತರಿಸುವುದೂ ದುಬಾರಿ.

ಆಶಾಕಿರಣವೆಂದರೆ ತ್ರೀಡಿ ಪ್ರಿಂಟರ್. ಲಕ್ಷದ ಅಚ್ಚಿಲ್ಲದೆ, ಕಂಪ್ಯೂಟರಿನಲ್ಲಿ ಬಿಡಿಸಿದ ಬೋಗಿಯನ್ನು ಒಂದೋ ಎರಡೋ ಬೇಕಾದಷ್ಟೇ ಮುದ್ರಿಸಬಹುದು. ಇದೇ ಚಾಳಿನ, ಡಿಪ್ಲೊಮಾ ಓದುತ್ತಿರುವ ಹುಡುಗಿಯೊಬ್ಬಳು ಹಿರಿಯರ ಹಳೆಯ ನಕ್ಷೆ ನೋಡಿ ಬೋಗಿಯ ತಳಭಾಗವೊಂದನ್ನು ಹೀಗೆ ಮಾಡಿಸಿ ತಂದಳು. ಮೊದಲ ಸಲ ಚಕ್ರ ಕೂರಲಿಲ್ಲ. ಹಿರಿಯರು ವರ್ನಿಯರ್ ಹಿಡಿದು ಅಳೆದು, ಎಲ್ಲಿ ಎಷ್ಟು ಕಡಿಮೆ ಮಾಡಬೇಕೆಂದು ಹೇಳಿದರು. ಎರಡನೇ ಸಲ ಕೂತಿತು. "ನನಗೆ ಕಂಪ್ಯೂಟರ್ ಬರುದಿಲ್ಲ, ಅವಳಿಗೆ ಅರ ಹಾಕ್ಲಿಕ್ಕೆ ಬರುದಿಲ್ಲ. ಇಬ್ಬರೂ ಸೇರಿದ್ರೆ ಒಂದು ಕಾರ್ಖಾನೆ" ಎಂದು ಅವರು ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು.

ಹಲಗೆ ಇನ್ನು ಎಲ್ಲಿಗೆ?

ಆದರೆ ಈ ಕಾರ್ಖಾನೆಗೂ ಈಗ ನೋಟಿಸು ಬಂದಿದೆ. ಚಾಳು ಪುನರ್ವಿಕಾಸಕ್ಕೆ ಹೋಗುತ್ತಿದೆ. ಹೊಸ ಕಟ್ಟಡ ಏಳುವ ತನಕ ಒಬ್ಬೊಬ್ಬರು ಒಂದೊಂದು ಕಡೆ ಬಾಡಿಗೆ ಮನೆ ಹಿಡಿಯಬೇಕು. ಎಂಟು ಅಡಿಯ ಹಲಗೆಯನ್ನು ಗೋಡೆಗೆ ಬಡಿಯಲು ಯಾವ ಬಾಡಿಗೆ ಮನೆಯ ಯಜಮಾನನೂ ಒಪ್ಪಲಾರ. ಎಲ್‌ಬಿಎಸ್ ರಸ್ತೆಯ ಹಲವು ಕಾರ್ಖಾನೆಗಳ ಜಾಗದಲ್ಲಿ ಮಾಲು, ಟವರು ಎದ್ದದ್ದನ್ನು ಕಂಡ ಈ ಹಿರಿಯರಿಗೆ ಇದೇನೂ ಹೊಸತಲ್ಲ. "ಲೇತ್ ಹೋಯ್ತು, ಈಗ ಗೋಡೆ ಹೋಗ್ತದೆ" ಎಂದಷ್ಟೇ ಹೇಳಿದರು.

ದಾರಿ ತೋರಿದ್ದು ಹೊರದೇಶದ ಹವ್ಯಾಸಿಗಳ ಒಂದು ಕ್ರಮ. ಜಾಗದ ಅಭಾವ ಮುಂಬಯಿಗಷ್ಟೇ ಇಲ್ಲ, ಜಪಾನಿನಲ್ಲೂ ಇದೆ. ಅಲ್ಲಿನ ಹವ್ಯಾಸಿಗಳು ಮೇಜಿನ ಮೇಲಿಡುವಷ್ಟು ಸಣ್ಣ ಹಲಗೆಗಳನ್ನು ಮಾಡುತ್ತಾರೆ. ಎಲ್ಲ ಹಲಗೆಗಳ ತುದಿಯಲ್ಲೂ ಹಳಿ ಒಂದೇ ಅಳತೆಯಲ್ಲಿ ಬಂದು ನಿಲ್ಲುತ್ತದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹಲಗೆ. ಎಲ್ಲರೂ ಸೇರಿದ ದಿನ ಜೋಡಿಸಿದರೆ ಉದ್ದನೆಯ ರೈಲುಮಾರ್ಗ.

ನಾವು ಹೋದ ಭಾನುವಾರ ಮತ್ಸ್ಯಗಂಧ ಕೊನೆಯ ಬಾರಿ ಆ ಗೋಡೆಯಿಂದ ಹೊರಟಿತ್ತು. ಮರುದಿನ ಹಿರಿಯರು ಗರಗಸ ಹಿಡಿದು ಎಂಟು ಅಡಿಯ ಕೊಂಕಣವನ್ನು ಎರಡೆರಡು ಅಡಿಯ ನಾಲ್ಕು ತುಂಡು ಮಾಡಿದರು. ಭಾಂಡುಪ್ ಅವರ ಬಳಿ ಉಳಿಯಿತು. ರತ್ನಾಗಿರಿ ಪಕ್ಕದ ಮರಾಠಿ ಕುಟುಂಬಕ್ಕೆ ಹೋಯಿತು. ಅವರ ಊರೇ ಅದು. ಶರಾವತಿ ಸೇತುವೆ ಡಿಪ್ಲೊಮಾ ಹುಡುಗಿಗೆ. ಉಡುಪಿ, ಡೊಂಬಿವಲಿಯಲ್ಲಿರುವ ಮೊಮ್ಮಗನಿಗೆ. ತುದಿಗಳಲ್ಲಿ ಹಳಿ ಕೂಡಿಸಲು ಹಿತ್ತಾಳೆಯ ಪಟ್ಟಿಯನ್ನು ಅವರೇ ಅರ ಹಾಕಿ ಮಾಡಿಕೊಟ್ಟಿದ್ದಾರೆ.

ಈಗ ಬೇಕಾಗಿರುವುದು ವರ್ಷಕ್ಕೆ ಒಂದೆರಡು ದಿನ ನಾಲ್ಕು ಹಲಗೆಗಳನ್ನು ಜೋಡಿಸಲು ಒಂದು ಜಾಗ. ಉಪನಗರಗಳಲ್ಲಿ ನಮ್ಮ ಸಂಘ-ಸಂಸ್ಥೆಗಳಿಗೆ ಸಭಾಗೃಹಗಳಿವೆ. ಮೇ ತಿಂಗಳ ರಜೆಯಲ್ಲಿ ಮಕ್ಕಳ ಶಿಬಿರಗಳೂ ನಡೆಯುತ್ತವೆ. ಅಲ್ಲಿ ಭಜನೆ, ಭರತನಾಟ್ಯ, ಯಕ್ಷಗಾನದ ಜತೆಗೆ ಒಂದು ಮಧ್ಯಾಹ್ನ ಅರ, ವರ್ನಿಯರ್, ಹಳಿಗಳಿಗೂ ಮೀಸಲಾಗಲಿ. ಕೈಕೆಲಸ ಬಲ್ಲ ನಿವೃತ್ತ ಟರ್ನರ್, ಫಿಟ್ಟರ್, ವಯರ್‌ಮನ್‌ಗಳು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಅವರ ವಿದ್ಯೆ ಅವರೊಂದಿಗೇ ಮುಗಿಯಬಾರದು.

ಹಲಗೆ ಕೊಯ್ಯುವಾಗ ಬೇಸರವಾಗಲಿಲ್ಲವೇ ಎಂದು ಕೇಳಿದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆರೆ ಸರಿ ಎಳೆದಿದ್ದೆ. ಜೋಡಿಸುವಾಗ ಹಳಿ ಕೂಡ್ತದೆ" ಎಂದರು.